ಬಂಡೆಯಿಂದ ಎಷ್ಟು ದೂರ, ಡಾಲ್ಫಿನ್‌ನಿಂದ ಎಷ್ಟು ದೂರ

2015ರ ಅಕ್ಟೋಬರ್ 25. ಕೆನಡಾದ ಪಶ್ಚಿಮ ತೀರದ ಟೊಫಿನೊ ಊರಿನಿಂದ ತಿಮಿಂಗಿಲ ತೋರಿಸುವ ದೋಣಿಯೊಂದು ಹೊರಟಿತ್ತು. ಹೆಸರು ಲೆವಯಥನ್ 2. ಸಿಬ್ಬಂದಿ ಸೇರಿ 27 ಜನ ಅದರಲ್ಲಿದ್ದರು. ಮಧ್ಯಾಹ್ನ ದೋಣಿ ಒಂದು ಬಂಡೆಸಾಲಿನ ಹತ್ತಿರ ಹೋಯಿತು. ಅಲ್ಲಿ ಕಡಲಸಿಂಹಗಳಿದ್ದವು. ಚೆನ್ನಾಗಿ ಕಾಣಲಿ ಅಂತ ಹೆಚ್ಚಿನವರು ಮೇಲಿನ ಡೆಕ್ ಹತ್ತಿ ಎಡಬದಿಗೆ ಬಂದು ನಿಂತಿದ್ದರು. ಅಲೆ ಬಂದದ್ದು ಬಲಗಡೆ ಹಿಂದಿನಿಂದ. ನಡೆಸುತ್ತಿದ್ದವರು ದೋಣಿಯನ್ನು ಅಲೆಗೆ ಸರಿಯಾಗಿ ತಿರುಗಿಸಲು ನೋಡಿದರು, ಅಷ್ಟು ಸಮಯ ಸಿಗಲಿಲ್ಲ. ದೋಣಿ ಮಗುಚಿಕೊಂಡಿತು. ರೇಡಿಯೊದಲ್ಲಿ ಸಹಾಯ ಕೇಳುವಷ್ಟು ಹೊತ್ತೂ ಇರಲಿಲ್ಲ. ಜನ ತಣ್ಣನೆಯ ನೀರಿನಲ್ಲಿ ಸುಮಾರು 45 ನಿಮಿಷ ಕಳೆದ ಮೇಲೆ ಸಿಬ್ಬಂದಿ ಒಂದು ಫ್ಲೇರ್, ಅಂದರೆ ಸಹಾಯ ಕೇಳುವ ಬೆಳಕಿನ ಬಾಣ, ಹಾರಿಸಿದರು. ಅದು ಅಹೌಸಾಟ್ ಮೂಲನಿವಾಸಿ ಮೀನುಗಾರರ ಕಣ್ಣಿಗೆ ಬಿತ್ತು, ಅವರು ಬಂದರು, ಹಾಗಾಗಿ 21 ಜನ ಉಳಿದರು. ಆರು ಜನ ಉಳಿಯಲಿಲ್ಲ.

ಇದನ್ನು ಸಾಮಾನ್ಯವಾಗಿ ದೋಣಿ ದುರಂತ ಅಂತ ಮಾತ್ರ ಓದುತ್ತೇವೆ. ಲೈಫ್ ಜಾಕೆಟ್ ಯಾಕೆ ಹಾಕಿರಲಿಲ್ಲ, ತಾನಾಗಿ ಸಂಕೇತ ಕಳಿಸುವ ಬೀಕನ್ ಯಾಕೆ ಇರಲಿಲ್ಲ. ಸರಿಯಾದ ಪ್ರಶ್ನೆಗಳೇ. ಆದರೆ ಇನ್ನೊಂದು ಪ್ರಶ್ನೆಯೂ ಇದೆ: ದೋಣಿ ಆ ಬಂಡೆಯ ಹತ್ತಿರ ಹೋಗಿದ್ದು ಯಾತಕ್ಕೆ? ಪ್ರಾಣಿಗಳನ್ನು ಹತ್ತಿರದಿಂದ ತೋರಿಸುವುದಕ್ಕೆ. ಕಡಲಸಿಂಹ, ಸೀಲ್‌ಗಳು ಮಲಗಲು ಆರಿಸಿಕೊಳ್ಳುವುದೇ ಬೇರೆಯವರು ಸುಲಭವಾಗಿ ಬರಲಾಗದ ಜಾಗ. ಅಂದರೆ ಹೊರಗಡಲಿಗೆ ಮೈಯೊಡ್ಡಿದ, ಸುತ್ತ ಅಲೆ ಒಡೆಯುವ ಬಂಡೆ. ಅವುಗಳಿಂದ ದೂರ ನಿಲ್ಲುವ ದೋಣಿ ಆ ಅಲೆಯಿಂದಲೂ ದೂರ ನಿಲ್ಲುತ್ತದೆ.

ಕಯಾಕ್, ಸ್ನಾರ್ಕೆಲಿಂಗ್, ಸ್ಕೂಬಾ, ಪ್ಯಾಡಲ್ ಬೋರ್ಡ್, ಜೆಟ್ ಸ್ಕೀ, ಡಾಲ್ಫಿನ್ ಟ್ರಿಪ್, ಬಂಡೆಗಳ ಅಂಚಿನಲ್ಲಿ ಹತ್ತುತ್ತಾ ಧುಮುಕುತ್ತಾ ಸಾಗುವ ಕೋಸ್ಟೀರಿಂಗ್. ಇವನ್ನು ನಡೆಸುವ ಹೆಚ್ಚಿನ ಕಡೆ ಸುರಕ್ಷತೆ ಒಂದು ಫೈಲು, ವನ್ಯಜೀವಿ ಇನ್ನೊಂದು ಫೈಲು. ಒಂದು ಕಡ್ಡಾಯ, ಇನ್ನೊಂದು ಒಳ್ಳೆಯತನ. ಇಲ್ಲಿಯೇ ತಪ್ಪುತ್ತಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಎರಡರ ಬೇರೂ ಒಂದೇ, ಅಂತರ ಬಿಡುವುದು. ಬಂಡೆಗೂ ದೋಣಿಗೂ ಅಂತರ, ಮನುಷ್ಯನಿಗೂ ಪ್ರಾಣಿಗೂ ಅಂತರ, ಟ್ರಿಪ್ ಮುಗಿಯುವ ಹೊತ್ತಿಗೂ ಉಬ್ಬರ ಏರುವ ಹೊತ್ತಿಗೂ ಅಂತರ. ಮತ್ತು ಈ ಅಂತರಕ್ಕೆ ದುಡ್ಡು ಖರ್ಚಾಗುತ್ತದೆ. ಆ ಖರ್ಚು ಯಾರ ತಲೆಗೆ ಬರುತ್ತದೆ ಅನ್ನುವುದರ ಮೇಲೆ ಉಳಿದಿದ್ದೆಲ್ಲ ನಿಂತಿದೆ.

ಮೊದಲು ನೀರಿನ ವಿಷಯ. ಆಳದಲ್ಲಿ ಸುಮ್ನೆ ಏರಿಳಿಯುವ ಅಲೆ, ನೀರಿನ ಆಳ ಅದರ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದ ಕಡೆ ಒಡೆಯುತ್ತದೆ. ಅಂದರೆ 3 ಮೀಟರ್ ಅಲೆ ಸುಮಾರು 4 ಮೀಟರ್ ಆಳದಲ್ಲೇ ಒಡೆದುಬಿಡಬಹುದು. ಅಷ್ಟು ಆಳದಲ್ಲಿರುವ ಬಂಡೆ ಮೇಲಿಂದ ಕಾಣಿಸುವುದೇ ಇಲ್ಲ. ಜೊತೆಗೆ ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಎಷ್ಟೋ ನಿಮಿಷ ಸಮುದ್ರ ಶಾಂತವಾಗಿರುತ್ತದೆ. ದಡದಲ್ಲಿ ನಿಂತು ಎರಡು ನಿಮಿಷ ನೋಡಿ ‘ಇವತ್ತು ಪರವಾಗಿಲ್ಲ’ ಅಂದವರಿಗೆ ಆ ಗುಂಪು ಕಂಡಿರುವುದೇ ಇಲ್ಲ. ಅನುಭವ ಇರುವ ಗೈಡ್ ನೀರಿಗೆ ಇಳಿಯುವ ಮೊದಲು ಹತ್ತು ಹದಿನೈದು ನಿಮಿಷ ಬರೀ ನಿಂತು ನೋಡುತ್ತಿದ್ದರೆ ಅದು ಕಾಲಹರಣ ಅಲ್ಲ, ಆ ದಿನದ ಅತ್ಯಂತ ಮುಖ್ಯ ಕೆಲಸ.

ಉಬ್ಬರ ಇಳಿತಕ್ಕೂ ಒಂದು ಲೆಕ್ಕ ಇದೆ. ದಿನಕ್ಕೆ ಎರಡು ಉಬ್ಬರ ಬರುವ ತೀರಗಳಲ್ಲಿ ನೀರು ಏರಲು ಸುಮಾರು ಆರು ತಾಸು ಬೇಕು, ಆದರೆ ಸಮವಾಗಿ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ತಾಸಿನಲ್ಲಿ 1 ಪಾಲು, ಆಮೇಲೆ 2, 3, 3, 2, 1. ಮೂರು ಮತ್ತು ನಾಲ್ಕನೇ ತಾಸಿನಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಇಳಿತದಲ್ಲಿ ನಡೆದುಕೊಂಡು ಹೋದ ಗುಹೆಯಲ್ಲಿ ಮೊದಲ ತಾಸು ಏನೂ ಬದಲಾಗಿಲ್ಲ ಅಂತ ಅನಿಸುತ್ತದೆ, ಮೂರನೇ ತಾಸು ಮುಗಿಯುವಾಗ ವಾಪಸ್ ದಾರಿ ಇಲ್ಲದೆ ಹೋಗಬಹುದು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ. ಇದೆಲ್ಲ ಮೊದಲೇ ಅಚ್ಚಾಗಿ ಸಿಗುವ ಮಾಹಿತಿ. ಟೈಡ್ ಟೇಬಲ್ ನೋಡದೆ ಹೊರಡಿಸಿದ ಟ್ರಿಪ್ಪಿಗೆ ಯಾವ ಸಮರ್ಥನೆಯೂ ಇಲ್ಲ.

ಗಾಳಿ ಇನ್ನೂ ಮೋಸಗಾರ. ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಇದ್ದ ದಿನ ನೀರು ಕನ್ನಡಿ ಹಾಗೆ ಕಾಣುತ್ತದೆ. ಹೊಸಬರಿಗೆ ಪ್ಯಾಡಲ್ ಬೋರ್ಡ್ ಹತ್ತಲು ಹೇಳಿ ಮಾಡಿಸಿದ ದಿನ ಅಂತ ಅನಿಸುತ್ತದೆ. ದಡದ ಮರೆ ದಾಟಿದ ಮೇಲೆ ತಿಳಿಯುವುದು, ಬೋರ್ಡು ಬರೀ ಹೊರಗೇ ಹೋಗುತ್ತಿದೆ, ಎಷ್ಟು ಹುಟ್ಟು ಹಾಕಿದರೂ ತಿರುಗುತ್ತಿಲ್ಲ ಅಂತ. ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿನ ಕಡೆಗೆ ಎಳೆದೊಯ್ಯುವ ಹರಿವು, ಕೂಡ ಹಾಗೆಯೇ. ಅಲೆ ಒಡೆಯದೆ ಸಪಾಟಾಗಿ ಕಾಣುವ ಜಾಗವೇ ಎಷ್ಟೋ ಸಲ ರಿಪ್ ಹರಿಯುವ ಜಾಗ. ಅದರ ವೇಗ ಸೆಕೆಂಡಿಗೆ 2.5 ಮೀಟರ್‌ವರೆಗೂ ಹೋಗಬಹುದು, ಒಲಿಂಪಿಕ್ ಈಜುಗಾರರಿಗೂ ಅದರ ಎದುರು ಈಜಲು ಆಗುವುದಿಲ್ಲ. ಅದಕ್ಕೇ ದಡದ ಕಡೆಗೆ ನೇರ ಈಜಬೇಡಿ, ತೇಲಿಕೊಂಡಿರಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಸರಿಯಿರಿ ಅಂತ ಹೇಳುವುದು.

ತಣ್ಣನೆಯ ನೀರಿನ ಬಗ್ಗೆ ಒಂದು ಸಣ್ಣ ಸೂತ್ರ ಇದೆ: 1-10-1. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಜನಪ್ರಿಯ ಮಾಡಿದ್ದು. ತುಂಬಾ ತಣ್ಣನೆಯ ನೀರಿಗೆ ಬಿದ್ದಾಗ ಉಸಿರು ಹಿಡಿತಕ್ಕೆ ಬರಲು ಸುಮಾರು 1 ನಿಮಿಷ ಬೇಕು. ಕೈಕಾಲು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಚಳಿಗೆ ಸಾಯುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಲೈಫ್ ಜಾಕೆಟ್ ಇಲ್ಲದವರು ಆ ಗಂಟೆಯವರೆಗೆ ಬರುವುದೇ ಕಷ್ಟ. ಮೊದಲ ನಿಮಿಷದಲ್ಲಿ ತಡೆಯಲಾಗದೆ ಏದುಸಿರು ಬಂದು ನೀರು ಒಳಗೆ ಹೋಗುತ್ತದೆ, ಇಲ್ಲವೇ ಹತ್ತು ನಿಮಿಷದಲ್ಲಿ ಕೈ ಸೋಲುತ್ತದೆ. ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು ಅನ್ನುವುದು ಇದಕ್ಕೇ.

ಅದೂ ಸುಮ್ಮನೆ ತೊಡಿಸಿದರೆ ಸಾಲದು. ಒಳ್ಳೆಯ ಗೈಡ್ ಏನು ಮಾಡುತ್ತಾರೆ ಗಮನಿಸಿ. ಒಬ್ಬೊಬ್ಬರ ಎದುರು ನಿಂತು, ಬಕಲ್‌ಗಳನ್ನು ಹಾಕಿಸಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿ ಮಾಡಿ, ಆಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯುತ್ತಾರೆ. ಜಾಕೆಟ್ ಕಿವಿವರೆಗೆ ಏರಿದರೆ ನೀರಿನಲ್ಲೂ ಹಾಗೆಯೇ ಏರುತ್ತದೆ, ಮುಖ ಕೆಳಗೆ ಜಾರುತ್ತದೆ. ಬಿಚ್ಚಿ ಇನ್ನೊಂದು ಸೈಜು ಕೊಡುತ್ತಾರೆ. ಮಕ್ಕಳಾದರೆ ತೊಡೆಯ ಮಧ್ಯದ ಪಟ್ಟಿ ಹಾಕಲೇಬೇಕು. ಒಬ್ಬರಿಗೆ ಅರ್ಧ ನಿಮಿಷ. ಹನ್ನೆರಡು ಜನರಿದ್ದರೆ ಆರು ನಿಮಿಷ. ಆ ಆರು ನಿಮಿಷ ಸಮಯಪಟ್ಟಿಯಲ್ಲಿ ಇದೆಯಾ ಇಲ್ವಾ ಅನ್ನುವುದರಲ್ಲೇ ಆ ಕಂಪನಿ ಎಂಥದ್ದು ಅಂತ ಅರ್ಧ ತಿಳಿಯುತ್ತದೆ.

ತಲೆ ಎಣಿಸುವುದು ಇನ್ನೂ ಸರಳ, ಅಲ್ವಾ? 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವ್ ದೋಣಿಯೊಂದು ಇಬ್ಬರನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಮರಳಿತು. ಎಣಿಕೆ ತಪ್ಪಿತ್ತು. ಅವರು ಇಲ್ಲ ಅಂತ ಗೊತ್ತಾಗಿದ್ದು ಎರಡು ದಿನದ ಮೇಲೆ, ಅವರ ಬ್ಯಾಗು ದೋಣಿಯಲ್ಲೇ ಉಳಿದಿದ್ದು ಕಂಡಾಗ. ಅವರು ಮತ್ತೆ ಸಿಗಲೇ ಇಲ್ಲ. ದೊಡ್ಡ ತಂತ್ರಜ್ಞಾನ ಏನೂ ಬೇಕಿರಲಿಲ್ಲ, ಹೆಸರು ಕೂಗಿ ಮುಖ ನೋಡಿ ಗುರುತು ಹಾಕಿದ್ದರೆ ಸಾಕಿತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಬೇಯಲ್ಲಿ ಎಂಟು ಶಾಲಾ ಮಕ್ಕಳು, ಒಬ್ಬ ಟೀಚರ್, ಇಬ್ಬರು ತರಬೇತುದಾರರು ಕಯಾಕ್‌ಗಳಲ್ಲಿ ಹೊರಟರು. ಸಣ್ಣ ಟ್ರಿಪ್, ಮಧ್ಯಾಹ್ನದ ಹೊತ್ತಿಗೆ ಮುಗಿಯಬೇಕಿತ್ತು. ಗಾಳಿ ಅವರನ್ನು ಹೊರಗೆ ಒಯ್ದಿತು, ಕಯಾಕ್‌ಗಳು ಮಗುಚಿದವು. ಅವರ ಬಳಿ ಫ್ಲೇರ್ ಇರಲಿಲ್ಲ. ಹೊತ್ತು ಮೀರಿ ಗಂಟೆಗಳಾದ ಮೇಲೆ ಕೋಸ್ಟ್‌ಗಾರ್ಡ್‌ಗೆ ಸುದ್ದಿ ಹೋಯಿತು. ನಾಲ್ಕು ಮಕ್ಕಳು ತೀರಿಕೊಂಡರು. ವಿಚಾರಣೆಯಲ್ಲಿ ಒಂದು ವಿಷಯ ಹೊರಬಂತು: ಅದೇ ಕೇಂದ್ರದಲ್ಲಿ ಮೊದಲು ಕೆಲಸ ಮಾಡಿದ್ದ ಇಬ್ಬರು ತರಬೇತುದಾರರು ಸುರಕ್ಷತೆ ಸರಿಯಿಲ್ಲ ಅಂತ ಆಡಳಿತಕ್ಕೆ ಮೊದಲೇ ಪತ್ರ ಬರೆದಿದ್ದರು. 1994ರಲ್ಲಿ ಕಂಪನಿಗೂ ಅದರ ಮುಖ್ಯಸ್ಥರಿಗೂ ಶಿಕ್ಷೆಯಾಯಿತು, 1995ರಲ್ಲಿ ಬ್ರಿಟನ್ ಸಂಸತ್ತು ಮಕ್ಕಳ ಸಾಹಸ ಕೇಂದ್ರಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ತಂದಿತು.

ಆ ಪತ್ರವೇ ನನ್ನನ್ನು ಕಾಡುವುದು. ಗೊತ್ತಿದ್ದವರು ಹೇಳಿದ್ದರು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ. ಸಮುದ್ರದ ಕೆಲಸದಲ್ಲಿ ಗೊತ್ತಿಲ್ಲದೆ ಆಗುವ ಅವಘಡಗಳಿಗಿಂತ, ಗೊತ್ತಿದ್ದೂ ‘ಬೇಡ’ ಅನ್ನಲಾಗದೆ ಆಗುವ ಅವಘಡಗಳ ಬಗ್ಗೆ ನಾವು ಜಾಸ್ತಿ ಮಾತಾಡಬೇಕು. ಬೆಳಿಗ್ಗೆ ಗಾಳಿ ನೋಡಿ ಗೈಡ್‌ಗೆ ಅನುಮಾನ ಬಂದಿರುತ್ತದೆ. ಆದರೆ ಬುಕಿಂಗ್ ಆಗಿದೆ, ಜನ ದೂರದಿಂದ ಬಂದಿದ್ದಾರೆ, ಪಕ್ಕದವರು ದೋಣಿ ಇಳಿಸುತ್ತಿದ್ದಾರೆ, ಟ್ರಿಪ್ ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಇಷ್ಟೆಲ್ಲ ಹೆಗಲ ಮೇಲಿದ್ದಾಗ ಒಬ್ಬ ಇಪ್ಪತ್ತೆರಡು ವರ್ಷದ ಹುಡುಗ ‘ಇವತ್ತು ಬೇಡ’ ಅನ್ನಬೇಕು. ಅದನ್ನು ಅವನೊಬ್ಬನ ಧೈರ್ಯಕ್ಕೆ ಬಿಡುವುದೇ ತಪ್ಪು. ಗಾಳಿ ಇಷ್ಟು ದಾಟಿದರೆ, ಅಲೆ ಇಷ್ಟು ದಾಟಿದರೆ ಹೋಗುವುದಿಲ್ಲ ಅಂತ ಮೊದಲೇ ಬರೆದಿಟ್ಟಿರಬೇಕು. ರದ್ದಾದ ದಿನಕ್ಕೂ ಅವನಿಗೆ ಸಂಬಳ ಸಿಗಬೇಕು. ಆಗ ಸಮುದ್ರ ನೋಡುವ ಅವನ ಕಣ್ಣಿಗೆ ಸಮುದ್ರ ಮಾತ್ರ ಕಾಣುತ್ತದೆ.

ಪ್ರಾಣಿಗಳ ವಿಷಯಕ್ಕೆ ಬಂದರೂ ಇದೇ ಕಥೆ, ಬರೀ ಪಾತ್ರ ಬೇರೆ.

ಹವಾಯಿಯ ಸ್ಪಿನ್ನರ್ ಡಾಲ್ಫಿನ್‌ಗಳನ್ನು ತಗೊಳ್ಳಿ. ಇವು ರಾತ್ರಿ ಹೊರಗಡಲಲ್ಲಿ ಬೇಟೆಯಾಡುತ್ತವೆ. ಬೆಳಗಾದ ಮೇಲೆ ತೀರದ ಹತ್ತಿರ, ಆಳ ಕಡಿಮೆ ಇರುವ, ತಳದಲ್ಲಿ ಮರಳಿರುವ ಕೊಲ್ಲಿಗಳಿಗೆ ಬಂದು ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಬಿಳಿ ಮರಳಿನ ಮೇಲೆ ಶಾರ್ಕ್ ಬಂದರೆ ದೂರದಿಂದಲೇ ಕಾಣುತ್ತದೆ. ಆದರೆ ಡಾಲ್ಫಿನ್ ನಿದ್ದೆ ನಮ್ಮ ನಿದ್ದೆಯಂತಲ್ಲ. ಮೆದುಳಿನ ಅರ್ಧ ಮಲಗಿ ಅರ್ಧ ಎಚ್ಚರವಿರುತ್ತದೆ, ಗುಂಪು ನಿಧಾನವಾಗಿ ಒತ್ತೊತ್ತಾಗಿ ಈಜುತ್ತಲೇ ಇರುತ್ತದೆ, ಉಸಿರಿಗೆ ಮೇಲೆ ಬರುತ್ತದೆ, ಮತ್ತೆ ಮುಳುಗುತ್ತದೆ. ದಡದಲ್ಲಿ ನಿಂತವರಿಗೆ ಅವು ಮಲಗಿವೆ ಅಂತ ಗೊತ್ತೇ ಆಗುವುದಿಲ್ಲ. ನೋಡಿ, ಎಷ್ಟು ಹತ್ತಿರ ಬಂದಿವೆ, ಎಷ್ಟು ಸ್ನೇಹ ಅಂತ ನೀರಿಗೆ ಇಳಿಯುತ್ತಾರೆ. ದೋಣಿಗಳೂ ಬೆಳಿಗ್ಗೆ ಬೆಳಿಗ್ಗೆಯೇ ಬರುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದವರ ಮನೆ ಬಾಗಿಲನ್ನು ದಿನವೂ ಬಡಿದ ಹಾಗೆ. 2021ರಲ್ಲಿ ಅಮೆರಿಕ ಸರ್ಕಾರ ಅಲ್ಲಿ ನಿಯಮ ತಂದಿತು. ತೀರದಿಂದ 2 ನಾಟಿಕಲ್ ಮೈಲಿ ಒಳಗೆ ಸ್ಪಿನ್ನರ್ ಡಾಲ್ಫಿನ್‌ಗಳ 50 ಗಜದೊಳಗೆ ಈಜುವಂತಿಲ್ಲ, ದೋಣಿ ತರುವಂತಿಲ್ಲ.

ಒಂದು ಸಲ ಹತ್ತಿರ ಹೋದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಬಹುಶಃ ಏನೂ ಆಗುವುದಿಲ್ಲ. ಆದರೆ ಪ್ರವಾಸಿಗೆ ಅದು ಒಂದು ಸಲ, ಪ್ರಾಣಿಗೆ ದಿನಕ್ಕೆ ಹತ್ತು ಸಲ, ವರ್ಷಪೂರ್ತಿ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಡಾಲ್ಫಿನ್ ದೋಣಿಗಳನ್ನು ನಡೆಸುವವರು ಒಬ್ಬರಿಂದ ಇಬ್ಬರಾದಾಗ ಏನಾಯಿತು ಅಂತ ವರ್ಷಗಟ್ಟಲೆ ಲೆಕ್ಕವಿಟ್ಟ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆ ಜಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ಇಳಿದಿತ್ತು. ಅಲ್ಲಿನ ದೋಣಿಯವರು ಕೆಟ್ಟವರಾಗಿರಲಿಲ್ಲ, ಲೈಸೆನ್ಸ್ ಇದ್ದವರೇ. ಒಂದೊಂದು ದೋಣಿಯೂ ಸರಿಯಾಗಿ ನಡೆದುಕೊಂಡರೂ ಒಟ್ಟು ಹೊರೆ ಜಾಸ್ತಿಯಾಗಬಹುದು. ಸರ್ಕಾರ ಆಮೇಲೆ ಲೈಸೆನ್ಸ್‌ಗಳನ್ನು ಎರಡರಿಂದ ಒಂದಕ್ಕೆ ಇಳಿಸಿತು.

ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದಾಗಿತ್ತು. ಅಲ್ಲಿನ ಸಂರಕ್ಷಣಾ ಇಲಾಖೆಯ ಪ್ರಕಾರ 1999ರಿಂದ ಈಚೆಗೆ ಬಾಟಲ್‌ನೋಸ್ ಡಾಲ್ಫಿನ್‌ಗಳು 66 ಶೇಕಡಾ ಕಡಿಮೆಯಾಗಿದ್ದವು, ಹುಟ್ಟಿದ ಮರಿಗಳಲ್ಲಿ 75 ಶೇಕಡಾ ಬದುಕುತ್ತಿರಲಿಲ್ಲ. 2019ರಲ್ಲಿ ಅವುಗಳ ಜೊತೆ ಈಜಿಸುವ ವ್ಯಾಪಾರವನ್ನೇ ನಿಲ್ಲಿಸಲಾಯಿತು. ಜನರಿಗೆ ಡಾಲ್ಫಿನ್ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರೂ ಹೇಳಲಾರರು. ಇಲಾಖೆ ಹೇಳಿದ್ದೂ ಅದನ್ನೇ, ಜನ ಅವುಗಳನ್ನು ಅತಿಯಾಗಿ ಪ್ರೀತಿಸಿದ್ದೇ ಅವುಗಳಿಗೆ ತೊಂದರೆಯಾಗಿದೆ ಅಂತ.

ಎಲ್ಲ ಪ್ರಾಣಿಯೂ ಒಂದೇ ರೀತಿ ಬೆದರುವುದಿಲ್ಲ, ಎಲ್ಲ ಚಟುವಟಿಕೆಯೂ ಒಂದೇ ರೀತಿ ಬೆದರಿಸುವುದಿಲ್ಲ. ಕಯಾಕ್‌ಗೆ ಇಂಜಿನ್ ಇಲ್ಲ, ಹಾಗಾಗಿ ಅದು ನಿರಪಾಯ ಅಂತ ಒಂದು ನಂಬಿಕೆ ಇದೆ. ಸೀಲ್‌ಗಳ ವಿಷಯದಲ್ಲಿ ಇದು ತಿರುಗುಮುರುಗಾಗಬಹುದು. ಇಂಜಿನ್ ದೋಣಿ ಬರುವುದು ಅವಕ್ಕೆ ದೂರದಿಂದಲೇ ಕೇಳಿಸುತ್ತದೆ. ಕಯಾಕ್ ಸದ್ದಿಲ್ಲದೆ, ನೀರಿಗೆ ಅಂಟಿಕೊಂಡ ಹಾಗೆ, ಬಂಡೆಯ ಮರೆಯಿಂದ ಒಮ್ಮೆಲೇ ಎದುರಾಗುತ್ತದೆ, ಬೇಟೆಗಾರ ಬಂದ ಹಾಗೆಯೇ. ಇಡೀ ಗುಂಪು ಒಟ್ಟಿಗೇ ನೀರಿಗೆ ನುಗ್ಗುತ್ತದೆ. ಆ ನೂಕುನುಗ್ಗಲಿನಲ್ಲಿ ಮರಿಗಳು ತುಳಿತಕ್ಕೆ ಸಿಗುತ್ತವೆ, ತಾಯಿಯಿಂದ ಬೇರೆಯಾಗುತ್ತವೆ.

ಕೋಸ್ಟೀರಿಂಗ್ ಮಾಡುವವರಿಗೆ ಹಕ್ಕಿಗಳ ವಿಷಯ ಮುಖ್ಯ. ಉತ್ತರದ ಕಡಲುಗಳ ಗಿಲಮಾಟ್ ಹಕ್ಕಿ ಗೂಡು ಕಟ್ಟುವುದಿಲ್ಲ. ಕಡಿದಾದ ಬಂಡೆಯ ಅಂಗೈ ಅಗಲದ ಅಂಚಿನ ಮೇಲೆ, ಬರೀ ಕಲ್ಲಿನ ಮೇಲೆ, ಒಂದೇ ಮೊಟ್ಟೆ ಇಟ್ಟು ನಿಂತುಕೊಂಡೇ ಕಾವು ಕೊಡುತ್ತದೆ. ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಇನ್ನೊಂದು, ಅದರ ಪಕ್ಕ ಮತ್ತೊಂದು. ಕೆಳಗೆ ಹತ್ತು ಜನ ಕೂಗಾಡುತ್ತಾ ನೀರಿಗೆ ಧುಮುಕಿದರು ಅಂದುಕೊಳ್ಳಿ. ಸಾಲಿನಲ್ಲಿ ಮೊದಲು ತಲೆಗಳು ಏಳುತ್ತವೆ, ಕತ್ತುಗಳು ಅತ್ತಿತ್ತ ಆಡುತ್ತವೆ, ಆಮೇಲೆ ಒಂದು ಹಾರುತ್ತದೆ, ಅದರ ಹಿಂದೆ ಎಲ್ಲವೂ. ಹಾರುವ ರಭಸಕ್ಕೆ ಮೊಟ್ಟೆ ಉರುಳುತ್ತದೆ, ಉರುಳದೆ ಉಳಿದದ್ದಕ್ಕೆ ಗಲ್ ಹಕ್ಕಿಗಳು ಕಾಯುತ್ತಿರುತ್ತವೆ. ಆ ಜೋಡಿಗೆ ಆ ವರ್ಷಕ್ಕೆ ಬಹುತೇಕ ಅಷ್ಟೇ. ಧುಮುಕಿದವರಿಗೆ ಮೇಲೆ ಏನಾಯಿತು ಅಂತ ತಿಳಿಯುವುದೇ ಇಲ್ಲ. ಮೊಟ್ಟೆ ಮರಿಯ ತಿಂಗಳುಗಳಲ್ಲಿ ಆ ಬಂಡೆಯನ್ನು ಬಿಟ್ಟು ಬೇರೆ ಕಡೆ ಕರೆದುಕೊಂಡು ಹೋದರೆ ಸಾಹಸಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಕೋಸ್ಟೀರಿಂಗ್ ಬೆಳೆದ ವೇಲ್ಸ್‌ನ ಪೆಂಬ್ರೋಕ್‌ಶೈರ್ ತೀರದಲ್ಲಿ ನಡೆಸುವವರು ಇಂಥ ಋತುಮಾನದ ಹೊಂದಾಣಿಕೆಗಳನ್ನು ತಾವೇ ಒಪ್ಪಿಕೊಂಡು ಪಾಲಿಸುತ್ತಿದ್ದಾರೆ.

ದೂರದ ಲೆಕ್ಕ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ತಿಮಿಂಗಿಲಕ್ಕೆ 100 ಮೀಟರ್, ಡಾಲ್ಫಿನ್‌ಗೆ 50 ಮೀಟರ್. ಅಮೆರಿಕದಲ್ಲಿ ಅಳಿವಿನಂಚಿನ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಕ್ಕೆ 500 ಗಜ. ಸಂಖ್ಯೆ ಬೇಕು, ಇಲ್ಲದಿದ್ದರೆ ಹತ್ತಿರ ಅಂದರೆ ಎಷ್ಟು ಅಂತ ಜಗಳ ಮುಗಿಯುವುದಿಲ್ಲ. ಆದರೆ ಸಂಖ್ಯೆ ಒಂದೇ ಸಾಲದು. ಎಲ್ಲಿಂದ ಬರುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಎದುರಿನಿಂದ ಬಂದರೆ ದಾರಿ ಕಟ್ಟಿದ ಹಾಗೆ, ಹಿಂದಿನಿಂದ ಬಂದರೆ ಅಟ್ಟಿಸಿಕೊಂಡು ಬಂದ ಹಾಗೆ. ಪಕ್ಕದಿಂದ, ನಿಧಾನವಾಗಿ, ಅವು ಹೋಗುವ ದಿಕ್ಕಿಗೆ ಸಮಾನಾಂತರವಾಗಿ ಸಾಗಬೇಕು. ಎರಡು ದೋಣಿ ಎರಡು ಬದಿಯಿಂದ ಬಂದು ನಡುವೆ ಸಿಕ್ಕಿಸಬಾರದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ, ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ವೇಗವಾಗಿ. ಹಾಗಾಗಿ ಪದೇ ಪದೇ ಗೇರು ಬದಲಿಸುವುದು, ಇಂಜಿನ್ ಒಮ್ಮೆಲೇ ಎಬ್ಬಿಸುವುದು ನಮಗೆ ಸಣ್ಣದು, ಅವಕ್ಕೆ ದೊಡ್ಡದು.

ಇಲ್ಲಿ ಸುರಕ್ಷತೆ ಮತ್ತೆ ಜೊತೆಗೇ ಬಂತು ನೋಡಿ. ನಿಧಾನವಾಗಿ ಸಾಗುವ, ಪ್ರಾಣಿಯ ಸಣ್ಣ ಬದಲಾವಣೆಯನ್ನೂ ಗಮನಿಸುವ ಗೈಡ್‌ಗೆ ನೀರಿನ ಬದಲಾವಣೆಯೂ ಮೊದಲೇ ಕಾಣುತ್ತದೆ. ಸೀಲ್ ತಲೆ ಎತ್ತಿ ನಿಮ್ಮನ್ನೇ ನೋಡಿತು ಅಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಡಾಲ್ಫಿನ್ ಬಾಲ ಬಡಿದರೆ, ದಿಕ್ಕು ಬದಲಿಸುತ್ತಲೇ ಇದ್ದರೆ, ಮುಳುಗಿದ್ದು ತುಂಬಾ ಹೊತ್ತು ಮೇಲೆ ಬರದಿದ್ದರೆ ಬಿಟ್ಟು ಹೊರಡಬೇಕು. ಕಡಲಾಮೆ ಉಸಿರಿಗೆ ಮೇಲೆ ಬರುವಾಗ ಅದರ ನೆತ್ತಿಯ ಮೇಲೆ ಸ್ನಾರ್ಕೆಲ್ ಮಾಡುವವರ ಗುಂಪು ಇದ್ದರೆ ಅದು ಉಸಿರಾಡದೆ ಮತ್ತೆ ಕೆಳಗೆ ಹೋಗುತ್ತದೆ. ಅದೇ ಹೊತ್ತಿನಲ್ಲಿ ಆಮೆಯ ಹಿಂದೆ ಈಜಿದ ಅತಿಥಿಯೂ ಗುಂಪಿನಿಂದ ತಪ್ಪಿ, ಸುಸ್ತಾಗಿ, ಪ್ರವಾಹದ ಕಡೆಗೆ ಹೋಗಿರುತ್ತಾರೆ. ಸ್ನಾರ್ಕೆಲಿಂಗ್‌ನಲ್ಲಿ ಮುಳುಗುವವರು ಕೂಗುವುದು ಅಪರೂಪ. ಮುಖ ಕೆಳಗೆ ಹಾಕಿ ಸುಮ್ನೆ ತೇಲುತ್ತಿರುವ ಹಾಗೆಯೇ ಕಾಣುತ್ತಾರೆ. ನೋಡುವುದನ್ನೇ ಕೆಲಸ ಮಾಡಿಕೊಂಡ ಒಬ್ಬರು ದೋಣಿಯ ಮೇಲೆ ಬೇಕೇ ಬೇಕು, ಫೋಟೊ ತೆಗೆಯುವವರು ಆ ಕೆಲಸಕ್ಕೆ ಆಗುವುದಿಲ್ಲ.

ಹಾಗಾದರೆ ಹೊರಡುವ ಮೊದಲು ಚೆನ್ನಾಗಿ ತಿಳಿಸಿ ಹೇಳಿದರೆ ಸಾಕಲ್ವಾ? ನನಗೂ ಹಾಗೇ ಅನಿಸುತ್ತಿತ್ತು. ಕೆರಿಬಿಯನ್‌ನ ಸೇಂಟ್ ಲೂಸಿಯಾದಲ್ಲಿ 353 ಡೈವರ್‌ಗಳನ್ನು ನೀರಿನೊಳಗೆ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಬಂತು. ನಾಲ್ವರಲ್ಲಿ ಸುಮಾರು ಮೂವರು ಒಂದು ಡೈವ್‌ನಲ್ಲಿ ಒಮ್ಮೆಯಾದರೂ ಹವಳಕ್ಕೆ ತಾಗಿದ್ದರು, ಜಾಸ್ತಿ ಕಾಲಿನ ಫಿನ್‌ನಿಂದ, ಬೇಕಂತ ಅಲ್ಲ. ಕ್ಯಾಮೆರಾ ಹಿಡಿದವರು ಇನ್ನೂ ಜಾಸ್ತಿ ತಾಗಿಸಿದ್ದರು. ಡೈವ್‌ಗೆ ಮೊದಲು ‘ಹವಳ ಮುಟ್ಟಬೇಡಿ’ ಅಂತ ಒಂದು ಮಾತು ಸೇರಿಸಿ ನೋಡಿದರು, ಏನೂ ವ್ಯತ್ಯಾಸವಾಗಲಿಲ್ಲ. ಆದರೆ ಡೈವ್ ಲೀಡರ್ ನೀರಿನೊಳಗೇ ತಾಗುತ್ತಿರುವವರ ಹತ್ತಿರ ಹೋಗಿ ಸರಿಪಡಿಸಿದಾಗ ತಾಗುವುದು ಬಹಳ ಕಡಿಮೆಯಾಯಿತು.

ನಿಯಮ ಎಲ್ಲಿ ಕೆಲಸ ಮಾಡುತ್ತದೆ ಅಂತ ಇದು ಸ್ಪಷ್ಟವಾಗಿ ತೋರಿಸುತ್ತದೆ. ಬೋರ್ಡಿನಲ್ಲಿ ಅಲ್ಲ, ಪಕ್ಕದಲ್ಲಿರುವ ಗೈಡ್‌ನ ಕೈಯಲ್ಲಿ. ಗಟ್ಟಿ ಜಾತಿಯ ಎಷ್ಟೋ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುತ್ತವೆ, ಫಿನ್ನಿನ ಒಂದು ಒದೆತಕ್ಕೆ ಹತ್ತು ವರ್ಷದ ಬೆಳವಣಿಗೆ ಮುರಿದು ಬೀಳುತ್ತದೆ. ಆದರೆ ಒಬ್ಬ ಗೈಡ್ ಹಿಂದೆ ಹದಿನೈದು ಜನ ಇದ್ದರೆ ಅವನು ಯಾರನ್ನು ಅಂತ ಸರಿಪಡಿಸುತ್ತಾನೆ? ಅಷ್ಟು ಜನರ ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಗೇಜು ನೋಡುವುದೇ ಅವನಿಗೆ ಸಾಕಾಗಿರುತ್ತದೆ. ನಾಲ್ಕು ಜನಕ್ಕೆ ಒಬ್ಬ ಗೈಡ್ ಇದ್ದರೆ ಹವಳವೂ ಉಳಿಯುತ್ತದೆ, ಗಾಳಿ ಮುಗಿಯುತ್ತಿರುವ ಹೊಸಬರೂ ಸಮಯಕ್ಕೆ ಕಣ್ಣಿಗೆ ಬೀಳುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಆಶ್ರಯದಲ್ಲಿ 2004ರಲ್ಲಿ ಶುರುವಾದ ಗ್ರೀನ್ ಫಿನ್ಸ್ ಯೋಜನೆ ಡೈವ್ ಅಂಗಡಿಗಳನ್ನು ಪ್ರತಿ ವರ್ಷ ಪರಿಶೀಲಿಸಿ ಇಂಥ ವಿವರಗಳಿಗೇ ಅಂಕ ಕೊಡುತ್ತದೆ, ಲಂಗರನ್ನು ಹವಳದ ಮೇಲೆ ಹಾಕುತ್ತಾರಾ, ನೀರಿನ ಮೇಲೆ ತೇಲುವ ಬೋಯ್‌ಗೆ ದೋಣಿ ಕಟ್ಟುತ್ತಾರಾ ಅನ್ನುವುದರವರೆಗೆ. ಸಾಹಸ ಪ್ರವಾಸದ ಸುರಕ್ಷತಾ ವ್ಯವಸ್ಥೆಗೆ 2014ರಿಂದ ಐಎಸ್‌ಒ 21101 ಅನ್ನುವ ಅಂತಾರಾಷ್ಟ್ರೀಯ ಮಾನದಂಡವೂ ಇದೆ. ಇವೆರಡನ್ನೂ ಬೇರೆ ಬೇರೆ ಜನ ಬೇರೆ ಬೇರೆ ದಿನ ಬಂದು ಪರಿಶೀಲಿಸುವುದು ಬಿಟ್ಟು ಒಟ್ಟಿಗೇ ನೋಡಿದರೆ ಎಷ್ಟೋ ತಪ್ಪುಗಳು ಒಂದೇ ಜಾಗದಲ್ಲಿ ಸಿಗುತ್ತವೆ.

ದುಡ್ಡಿನ ಮಾತು ಬಾಕಿ ಇದೆ. ‘ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್’ ಅನ್ನುವ ಜಾಹೀರಾತು ಗಿರಾಕಿಗೆ ನ್ಯಾಯವಾಗಿ ಕಾಣುತ್ತದೆ. ಆದರೆ ಅದು ದೋಣಿ ನಡೆಸುವವರಿಗೆ ಏನು ಹೇಳುತ್ತದೆ ಯೋಚಿಸಿ. ಹೇಗಾದರೂ ಮಾಡಿ ತೋರಿಸು. ಸಿಗದಿದ್ದರೆ ಇನ್ನೂ ದೂರ ಹೋಗು, ಇಂಧನ ಕಡಿಮೆಯಾದರೂ, ಗಾಳಿ ಎದ್ದರೂ. ಸಿಕ್ಕಿದರೆ ಅಟ್ಟಿಸಿಕೊಂಡು ಹೋಗು. ಒಂದೇ ಸಾಲಿನ ಭರವಸೆ ಜನರನ್ನೂ ಪ್ರಾಣಿಗಳನ್ನೂ ಒಟ್ಟಿಗೆ ಅಪಾಯಕ್ಕೆ ತಳ್ಳುತ್ತದೆ. ‘ಹವಾಮಾನ ಸರಿಯಿಲ್ಲದೆ ಟ್ರಿಪ್ ರದ್ದಾದರೆ ಪೂರ್ತಿ ಹಣ ವಾಪಸ್, ಪ್ರಾಣಿ ಕಾಣುವ ಗ್ಯಾರಂಟಿ ಇಲ್ಲ’ ಅಂತ ಬರೆದವರ ಮೇಲೆ ನನಗೆ ನಂಬಿಕೆ ಜಾಸ್ತಿ. ಅಲ್ಲಿ ನಷ್ಟದ ಒಂದು ಪಾಲನ್ನು ಕಂಪನಿ ತಾನೇ ಹೊತ್ತಿದೆ. ಹತ್ತಿರ ಕರೆದುಕೊಂಡು ಹೋದದ್ದಕ್ಕೆ ಖುಷಿಯಾಗಿ ಕೊಡುವ ಟಿಪ್ಸ್ ಕೂಡ ಇದೇ ಕೆಲಸ ಮಾಡುತ್ತದೆ, ಇದರಲ್ಲಿ ನಮ್ಮ ಪಾಲೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ, ಸಮುದ್ರದ ಸಾಹಸವೇ ಬೇಡ ಅಂತ ನನ್ನ ಮಾತಲ್ಲ. ಬಲೆಯಲ್ಲಿ ಸಿಕ್ಕಿಬಿದ್ದ ಆಮೆಯನ್ನು, ದಡಕ್ಕೆ ಬಂದ ತಿಮಿಂಗಿಲವನ್ನು, ಬಿಳಿಚಿಕೊಂಡ ಹವಳವನ್ನು ಮೊದಲು ಕಾಣುವವರು ದಿನವೂ ನೀರಿಗೆ ಇಳಿಯುವ ಇವರೇ. ರಿಪ್‌ಗೆ ಸಿಕ್ಕ ಅಪರಿಚಿತರನ್ನು ಎಳೆದು ತರುವವರೂ ಎಷ್ಟೋ ಸಲ ಇವರೇ. ಲೆವಯಥನ್ ದೋಣಿಯವರನ್ನು ಉಳಿಸಿದ್ದು ಆ ನೀರನ್ನು ಬಲ್ಲ ಮೀನುಗಾರರು ಅಂತ ಮರೆಯಬಾರದು. ಚೆನ್ನಾಗಿ ನಡೆಸುವವರು ಇರುವ ತೀರ ಖಾಲಿ ತೀರಕ್ಕಿಂತ ಸುರಕ್ಷಿತ. ಆದರೆ ಚೆನ್ನಾಗಿ ನಡೆಸುವವರ ದರ ಸ್ವಲ್ಪ ಜಾಸ್ತಿ ಇರುತ್ತದೆ, ಗುಂಪು ಸಣ್ಣದಿರುತ್ತದೆ, ಕೆಲವು ದಿನ ಅವರು ಹೋಗುವುದೇ ಇಲ್ಲ. ಪಕ್ಕದಲ್ಲಿ ಅರ್ಧ ದರಕ್ಕೆ, ಎಲ್ಲ ದಿನವೂ, ಎಷ್ಟು ಜನರನ್ನಾದರೂ ಹತ್ತಿಸಿಕೊಳ್ಳುವವರು ಇದ್ದರೆ ಒಳ್ಳೆಯವರು ಎಷ್ಟು ದಿನ ತಡೆದುಕೊಳ್ಳುತ್ತಾರೆ? ಲೈಸೆನ್ಸ್ ಸಂಖ್ಯೆಗೆ ಮಿತಿ, ಎಲ್ಲರಿಗೂ ಒಂದೇ ನಿಯಮ, ಮುರಿದವರಿಗೆ ನಿಜವಾದ ದಂಡ ಬೇಕಾಗುವುದು ಇಲ್ಲೇ. ಅದು ಸರ್ಕಾರದ ಕೆಲಸ, ನಡೆಸುವವರ ಒಳ್ಳೆಯತನದಿಂದ ಆಗುವುದಲ್ಲ.

ನಮ್ಮ ಕೈಯಲ್ಲಿ ಇರುವುದು ಬುಕಿಂಗ್. ಲೈಫ್ ಜಾಕೆಟ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಪರಿಸರ ಸ್ನೇಹಿಯಾ ಅಂತ ಕೇಳಿದರೂ ಹೌದು ಅನ್ನುತ್ತಾರೆ. ನಾನು ಕೇಳುವುದು ಎರಡು. ಒಬ್ಬ ಗೈಡ್‌ಗೆ ಎಷ್ಟು ಜನ? ಮತ್ತೆ, ಹೋಗುವುದು ಬೇಡ ಅಂತ ಕೊನೆಯ ಸಲ ನಿರ್ಧಾರ ಮಾಡಿದ್ದು ಯಾವಾಗ, ಯಾಕೆ? ‘ಹೋದ ವಾರ ಮಂಗಳವಾರ, ಬೆಳಿಗ್ಗೆ ಗಾಳಿ ಹೊರಗಡೆಗೆ ತಿರುಗಿತ್ತು, ಎಂಟು ಜನಕ್ಕೆ ದುಡ್ಡು ವಾಪಸ್ ಕೊಟ್ಟೆವು’ ಅಂತ ತಡವರಿಸದೆ ಹೇಳುವವರ ಜೊತೆ ನೀರಿಗೆ ಇಳಿಯಬಹುದು. ‘ನಾವು ಯಾವತ್ತೂ ಕ್ಯಾನ್ಸಲ್ ಮಾಡಿಲ್ಲ’ ಅಂತ ಹೆಮ್ಮೆಯಿಂದ ಹೇಳಿದರೆ ಬೇರೆಯವರನ್ನು ಹುಡುಕಿ.